ವೆಸ್ಟರ್ನ್ ಪ್ಲೆಷರ್ ಕುದುರೆ ತಗೊಳ್ಳೋದು ಹೇಗೆ: ಬಣ್ಣ ಆಮೇಲೆ, ಮೊದ್ಲು ಲೋಪ್ ನೋಡಿ

ಡಲ್ಲಾಸ್ ಕಡೆ ಇರೋ ನಮ್ಮವರ ಮಕ್ಕಳು ರೈಡಿಂಗ್ ಕ್ಲಾಸ್‌ಗೆ ಹೋಗ್ತಾ ಹೋಗ್ತಾ ಒಂದಿನ ಸ್ವಂತ ಕುದುರೆನೇ ಬೇಕು, ಶೋಗೆ ಹೋಗ್ಬೇಕು ಅಂತ ಹಠ ಹಿಡೀತಾರೆ, ಅಪ್ಪ ಅಮ್ಮ ಆನ್‌ಲೈನಲ್ಲಿ ಒಂದು ಫಳಫಳ ಹೊನ್ನಬಣ್ಣದ ಪ್ಯಾಲೊಮಿನೊ ಕುದುರೆ ನೋಡಿ, ವಿಡಿಯೋದಲ್ಲಿ ಎಷ್ಟು ಸಾಧು ಇದೆ ಅಂತ ಮಾರುಹೋಗಿ ಅದೇ ವೀಕೆಂಡಲ್ಲಿ ಚೆಕ್ ಬರೆದ್ಬಿಡ್ತಾರೆ. ಹಾಗೆ ಮಾಡ್ಬೇಡಿ. ವೆಸ್ಟರ್ನ್ ಪ್ಲೆಷರ್ ಅಂದ್ರೆ ಕುದುರೆ ಎಷ್ಟು ಹಾಯಾಗಿ, ಹದವಾಗಿ ಹೆಜ್ಜೆ ಹಾಕತ್ತೆ ಅಂತ ಜಡ್ಜ್ ನೋಡೋ ಶೋ ಸ್ಪರ್ಧೆ, ಅದ್ರಲ್ಲಿ ಲೋಪ್ ಅಂದ್ರೆ ನಿಧಾನದ ಕ್ಯಾಂಟರ್ ಓಟ.

1. ಕ್ವಾರ್ಟರ್ ಹಾರ್ಸ್ ಅಥವಾ ಪೇಂಟ್ ತಳಿ, 8 ವರ್ಷ ದಾಟಿರೋ ಗೆಲ್ಡಿಂಗ್ (ಬೀಜ ತೆಗೆದ ಗಂಡು ಕುದುರೆ) ನೋಡಿ. ಮಕ್ಕಳಿಗೆ 2 ವರ್ಷದ ಮರಿ ಬೇಡವೇ ಬೇಡ, ಎಷ್ಟು ಅಗ್ಗಕ್ಕೆ ಸಿಕ್ರೂ.

2. ನೋಡೋಕೆ ಹೋಗುವಾಗ ಹೇಳಿದ ಟೈಮಿಗಿಂತ ಸ್ವಲ್ಪ ಬೇಗನೇ ಹೋಗಿ. ಸ್ಯಾಡಲ್ ಕೂರೋ ಜಾಗ ಕೈಯಲ್ಲಿ ಮುಟ್ಟಿ ನೋಡಿ, ಒದ್ದೆ ಇದ್ರೆ ನೀವು ಬರೋಕೆ ಮುಂಚೆನೇ ಲಂಜ್ ಮಾಡಿ, ಅಂದ್ರೆ ಉದ್ದ ಹಗ್ಗ ಹಿಡಿದು ಸುತ್ತ ಓಡಿಸಿ, ಸುಸ್ತು ಮಾಡಿಟ್ಟಿದಾರೆ ಅಂತಾನೇ. ಕೆಳತುಟಿ ಜೋತು ಬಿದ್ದು ಕಣ್ಣು ಮಂಕಾಗಿದ್ರೆ ಮಂಪರು ಇಂಜೆಕ್ಷನ್ ಇರಬಹುದು. ಬಾಲ ಎತ್ತಿ, ಸ್ವಲ್ಪನಾದ್ರೂ ಬಿಗಿ ಹಿಡೀಬೇಕು. ಹಗ್ಗದ ಥರ ಸತ್ತು ಬಿದ್ದಿದ್ರೆ ಶೋನಲ್ಲಿ ಆಡಿಸ್ಬಾರ್ದು ಅಂತ ಯಾರೋ ಅದ್ರ ನರಕ್ಕೇ ಕೈ ಹಾಕಿರಬಹುದು.

3. ಟೋಪಿ ಹಾಕ್ಸಿಕೊಳ್ಳೋದು ಇಲ್ಲೇ. ಮೊದ್ಲು ಮಾರೋವ್ರೇ ಹತ್ತಲಿ, ಲಗಾಮು ಸಡಿಲ ಬಿಟ್ಟು ನಡಿಗೆ, ಜಾಗ್ (ನಿಧಾನದ ಟ್ರಾಟ್ ಓಟ), ಲೋಪ್, ಎರಡೂ ದಿಕ್ಕಲ್ಲಿ. ನಿಧಾನ ಇದ್ದಷ್ಟೂ ಒಳ್ಳೇದು ಅಂತ ಎಲ್ರೂ ಅಂದ್ಕೋತಾರೆ, ಅದು ಸುಳ್ಳು. ಲೋಪ್ ಅಂದ್ರೆ ಮೂರು ಪೆಟ್ಟು: ಎಡ ಲೀಡ್ (ಎಡ ಮುಂಗಾಲು ಮುಂದೆ ಚಾಚಿ ಓಡೋದು) ಆದ್ರೆ ಬಲ ಹಿಂಗಾಲು, ಆಮೇಲೆ ಎಡ ಹಿಂಗಾಲು ಬಲ ಮುಂಗಾಲು ಒಟ್ಟಿಗೆ, ಕೊನೆಗೆ ಎಡ ಮುಂಗಾಲು. ಕಣ್ಣು ಮುಚ್ಚಿ ಕೇಳಿ, ತಕಿಟ ತಕಿಟ ಅಂತ ಬರ್ಬೇಕು, ತಕಧಿಮಿ ಅಂತ ಬಂದ್ರೆ ಬಲವಂತಕ್ಕೆ ನಿಧಾನ ಮಾಡಿಸಿ ನಡಿಗೆನೇ ಮುರಿದಿದಾರೆ, ಜಡ್ಜ್ ಕೆಳಗಿಡ್ತಾರೆ. ಮರಳಲ್ಲಿ ಸದ್ದು ಕೇಳ್ಸಲ್ಲ, ಹಾಗಾಗಿ ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ತಗೊಂಡು ಆ ಜೋಡಿ ಕಾಲು ಒಟ್ಟಿಗೇ ಊರ್ತಾವಾ ನೋಡಿ. ತಲೆ ಕೆಳಗಿರೋದು ಚಂದ, ಆದ್ರೆ ಕಿವಿ ತುದಿ ಹೆಗಲಿನ ದಿಬ್ಬಕ್ಕಿಂತ ಕೆಳಗೇ ಉಳಿದ್ರೆ ಅದೂ ತಪ್ಪು. ಇನ್ನೊಂದಿನ ಹೇಳ್ದೆ ಹೋಗಿ ಮತ್ತೆ ನೋಡಿ. ಬರ್ಬೇಡಿ ಅಂದ್ರೆ ಆ ಕುದುರೆ ಬಿಟ್ಬಿಡಿ.

ಅಂದಹಾಗೆ, ಶಾಂತ ಮಾಡೋ ಪೇಸ್ಟು ಪುಡಿ ಎಲ್ಲ ದುಡ್ಡು ದಂಡ. ಬೆಳ್ಳಿ ಹಾಕಿರೋ ಶೋ ಸ್ಯಾಡಲ್‌ನ ಕುದುರೆಗಿಂತ ಮುಂಚೆ ತರೋವ್ರೂ ಇದಾರೆ, ಕುದುರೆ ಬೆನ್ನಿಗೆ ಕೂರ್ದಿದ್ರೆ ಆ ಸ್ಯಾಡಲ್ ಮಾರೋದೊಂದೇ ದಾರಿ.

4. ವೆಟ್ ನಿಮ್ಮವರಾಗಿರ್ಲಿ, ಮಾರೋವ್ರ ವೆಟ್ ಬೇಡ. ಕಾಲು ಮಡಚಿ ಓಡಿಸೋ ಟೆಸ್ಟು, ಮುಂಗಾಲ ಗೊರಸು ಮತ್ತೆ ಹಿಂಗಾಲ ಮಧ್ಯದ ಕೀಲಿನ (ಹಾಕ್) ಎಕ್ಸ್‌ರೇ ಮಾಡಿಸಿ, ಅವತ್ತೇ ರಕ್ತ ತೆಗೆಸಿ ಇಡಿಸಿ, ಮುಂದೆ ಕುಂಟಿದ್ರೆ ನೋವಿನ ಔಷಧಿ ಕೊಟ್ಟಿದ್ರಾ ಅಂತ ನೋಡ್ಬಹುದು. ಜೆನೆಟಿಕ್ ಟೆಸ್ಟ್ ಬಿಡ್ಬೇಡಿ: ಇಂಪ್ರೆಸಿವ್ ಅನ್ನೋ ಗಂಡು ಕುದುರೆ ವಂಶದಲ್ಲಿ ಎಚ್‌ವೈಪಿಪಿ ಅನ್ನೋ ಮಾಂಸಖಂಡದ ಕಾಯಿಲೆ ಬರತ್ತೆ, ಮಾಂಸಖಂಡ ನಡುಗಿ ಕುದುರೆ ಕುಸಿದೇ ಬೀಳಬಹುದು. 2007ರಿಂದ ಹುಟ್ಟಿರೋ ಎಚ್/ಎಚ್ (ಅಪ್ಪ ಅಮ್ಮ ಇಬ್ರಿಂದ್ಲೂ ಆ ದೋಷ ಬಂದಿರೋ) ಮರಿಗಳನ್ನ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ ರಿಜಿಸ್ಟರ್ ಮಾಡಲ್ಲ, ಆದ್ರೆ ಒಬ್ರಿಂದ ಮಾತ್ರ ಬಂದಿರೋ ಎನ್/ಎಚ್ ಇನ್ನೂ ಓಡಾಡ್ತಿವೆ.

5. ಪೇಪರಲ್ಲಿರೋ ಓನರ್ ಹೆಸರೂ ಮಾರೋವ್ರ ಹೆಸರೂ ಒಂದೇ ಇರ್ಬೇಕು, ಟ್ರಾನ್ಸ್‌ಫರ್ ಫಾರ್ಮ್‌ಗೆ ಅವರ ಸೈನ್ ಬಿದ್ಮೇಲೇ ದುಡ್ಡು. ಬೇರೆ ಸ್ಟೇಟಿಂದ ತರೋದಾದ್ರೆ ನೆಗೆಟಿವ್ ಕಾಗಿನ್ಸ್ ರಿಪೋರ್ಟ್ (ಕುದುರೆಗಳಿಗೆ ಹರಡೋ ಒಂದು ರಕ್ತದ ಕಾಯಿಲೆಯ ಟೆಸ್ಟ್) ಕೈಗೆ ಬರೋವರ್ಗೂ ಟ್ರೈಲರ್ ಬುಕ್ ಮಾಡ್ಬೇಡಿ.