ತೂಕ ಇಳಿಸುವುದು ಹೇಗೆ? ಅವಸರದ ಡಯಟ್ ಬದಿಗಿಡಿ

ಹೊಸ ಡಯಟ್ ಶುರುಮಾಡಿದ ಮೊದಲ ವಾರದಲ್ಲೇ ಎರಡು ಕಿಲೊ ಇಳಿದರೆ ಯಾರಿಗಾದರೂ ಹಿಗ್ಗು. ಆದರೆ ಅದರಲ್ಲಿ ದೊಡ್ಡ ಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳು ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತವೆ. ಪ್ರತಿ ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಪಿಷ್ಟ ಬಿಟ್ಟೊಡನೆ ಈ ದಾಸ್ತಾನು ಖಾಲಿಯಾಗುತ್ತದೆ, ಮಾಮೂಲಿ ಊಟಕ್ಕೆ ಮರಳಿದೊಡನೆ ತುಂಬಿಕೊಳ್ಳುತ್ತದೆ. ಒಂದು ಕಿಲೊ ಕೊಬ್ಬು ಕರಗಲು ಅಂದಾಜು 7,700 ಕ್ಯಾಲೊರಿ ಕೊರತೆ ಬೇಕು. ‘ವಾರದಲ್ಲಿ ಐದು ಕಿಲೊ’ ಎನ್ನುವ ಜಾಹೀರಾತಿಗೆ ಈ ಲೆಕ್ಕ ಹಾಕಿ: ದಿನಕ್ಕೆ 5,500 ಕ್ಯಾಲೊರಿ! ಬಹುತೇಕರು ಇಡೀ ದಿನ ದುಡಿದರೂ ಅಷ್ಟು ಖರ್ಚಾಗುವುದಿಲ್ಲ.

ಅರೆಹೊಟ್ಟೆಯನ್ನು ದೇಹ ಸುಮ್ಮನೆ ಸಹಿಸಿಕೊಳ್ಳುವುದೂ ಇಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದಲ್ಲಿ 36 ಆರೋಗ್ಯವಂತ ಪುರುಷರಿಗೆ ಸುಮಾರು ಆರು ತಿಂಗಳು ಊಟ ಕಡಿತಗೊಳಿಸಲಾಯಿತು. ಅವರ ದೇಹ ಶಕ್ತಿಯ ಖರ್ಚನ್ನು ತಾನೇ ತಗ್ಗಿಸಿಕೊಂಡಿತು. ಮನಸ್ಸು ಮಾತ್ರ ಊಟದ ಧ್ಯಾನದಲ್ಲೇ ಮುಳುಗಿತು. ಕೆಲವರು ಅಡುಗೆ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಓದುತ್ತಿದ್ದರು. ಡಯಟ್ ಮುರಿದವರನ್ನು ‘ಮನಸ್ಸು ಗಟ್ಟಿಯಿಲ್ಲ’ ಎಂದು ಹಂಗಿಸುವವರು ಇದನ್ನು ತಿಳಿದಿರಬೇಕು.

ಹಾಗಾದರೆ ಎಲ್ಲಿಂದ ಆರಂಭಿಸುವುದು? ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ ಅಷ್ಟೆ. ತಿಂದದ್ದು, ಕುಡಿದದ್ದು, ಎಷ್ಟು ಹೊತ್ತಿಗೆ ಎಂಬುದು. ಟಿ.ವಿ. ಮುಂದೆ ಕೈಯಾಡಿಸಿದ ಕುರುಕಲು, ಮಕ್ಕಳ ತಟ್ಟೆಯಲ್ಲಿ ಉಳಿದ ಎರಡು ತುತ್ತು, ಸಕ್ಕರೆ ಬೆರೆತ ಪಾನೀಯ ಯಾವುದೂ ತಪ್ಪದಿರಲಿ.

ಎರಡನೇ ವಾರ ಆ ಪಟ್ಟಿಯಿಂದ ಒಂದನ್ನು, ಒಂದೇ ಒಂದನ್ನು, ಆರಿಸಿಕೊಳ್ಳಿ. ಸಿಹಿ ಪಾನೀಯ ಇದ್ದರೆ ಅದೇ ಮೊದಲು ಹೋಗಲಿ: ಕ್ಯಾಲೊರಿ ಒಳಗೆ ಹೋಗುತ್ತದೆ, ಹೊಟ್ಟೆ ಮಾತ್ರ ತುಂಬುವುದಿಲ್ಲ. ಯಾವ ಬದಲಾವಣೆಗೂ ಒಂದು ಪರೀಕ್ಷೆ ಇಡಿ. ಎರಡು ವರ್ಷದ ನಂತರವೂ, ಮನೆಯಲ್ಲಿ ನೆಂಟರಿದ್ದಾಗಲೂ ಇದನ್ನು ಪಾಲಿಸಬಲ್ಲಿರಾ? ಇಲ್ಲವೆಂದರೆ ಇನ್ನೂ ಚಿಕ್ಕದನ್ನು ಹುಡುಕಿ.

ಅದು ರೂಢಿಯಾದ ಮೇಲೆ ತಟ್ಟೆಯತ್ತ ಬನ್ನಿ. ಅರ್ಧ ಭಾಗ ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನಿನಂಥ ಪ್ರೋಟೀನ್, ಉಳಿದ ಕಾಲು ಭಾಗ ಧಾನ್ಯ.

ನಂತರ ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ: ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವ್ಯಾಯಾಮವೊಂದರಿಂದಲೇ ತೂಕ ಹೆಚ್ಚೇನೂ ಇಳಿಯದು. ಇಳಿದದ್ದು ಮತ್ತೆ ಏರದಂತೆ ತಡೆಯುವಲ್ಲಿ ಅದರ ಪಾತ್ರ ದೊಡ್ಡದು. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗುರಿ ಚಿಕ್ಕದಿರಲಿ. ದೇಹತೂಕದ ಶೇ 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ ಪ್ರಮಾಣ ಸುಧಾರಿಸುತ್ತವೆ. ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಶೇ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ಚಟುವಟಿಕೆಯ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಮಧುಮೇಹ ಬರುವ ಪ್ರಮಾಣ ಶೇ 58ರಷ್ಟು ತಗ್ಗಿತ್ತು.

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿದರೆ ಸಾಕು. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು. ಗರ್ಭಿಣಿಯರು ತೂಕ ಇಳಿಸಲು ಹೊರಡಬಾರದು. ಕೆಲವು ತಿಂಗಳ ಬಳಿಕ ಇಳಿಕೆ ನಿಂತರೆ ಗಾಬರಿ ಬೇಡ. ಹಗುರಾದ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ. ಮತ್ತೊಂದು ವಾರ ತಿಂದದ್ದನ್ನೆಲ್ಲ ಬರೆದಿಟ್ಟು, ಮುಂದಿನ ಒಂದು ಬದಲಾವಣೆ ಆರಿಸಿಕೊಳ್ಳಿ.