ನೆಟ್‌ವರ್ಕ್ ಕಾರ್ಡ್ ಡ್ರೈವರ್ ಒಂದನ್ನ ಬೇರೆ ಓಎಸ್‌ಗೆ ಪೋರ್ಟ್ ಮಾಡಿದ ನನ್ನ ಅನುಭವ

ನಾವು ಮೂರು ಜನ ಸೇರಿ ಬರೀತಿರೋ ಒಂದು ಚಿಕ್ಕ ಕರ್ನಲ್‌ಗೆ (ಓಎಸ್, ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ನೆಟ್‌ವರ್ಕ್ ಬೇಕಾಗಿತ್ತು. ಇಂಟರ್ನೆಟ್ ನಿಯಮಗಳನ್ನ ನೋಡ್ಕೊಳ್ಳೋ ಟಿಸಿಪಿ/ಐಪಿ ಸ್ಟ್ಯಾಕ್ ರೆಡಿ ಇತ್ತು, ಕೆಳಗೆ ಕಾರ್ಡ್ ಜೊತೆ ಮಾತಾಡೋ ಡ್ರೈವರ್ ಮಾತ್ರ ಇರ್ಲಿಲ್ಲ. ನನ್ನ ಹತ್ರ ಇದ್ದಿದ್ದು ರಿಯಲ್‌ಟೆಕ್ 8139, ಹಳೇ 100 ಎಂಬಿಪಿಎಸ್ ಕಾರ್ಡು. ಇದಕ್ಕೆ ಲಿನಕ್ಸ್‌ನಲ್ಲೂ ಫ್ರೀಬಿಎಸ್‌ಡಿ ಅನ್ನೋ ಇನ್ನೊಂದು ಓಎಸ್‌ನಲ್ಲೂ ವರ್ಷಗಟ್ಟಲೆ ಓಡಿ ಪಳಗಿರೋ ಡ್ರೈವರ್ ಇದೆ. ನಮ್ಮ ಕರ್ನಲ್ ಬಿಎಸ್‌ಡಿ ಲೈಸೆನ್ಸ್‌ನಲ್ಲಿ ಇರೋದ್ರಿಂದ ಬೆರೆಸಿದ ಕೋಡ್‌ಗೂ ತನ್ನದೇ ಷರತ್ತು ಹಾಕೋ ಜಿಪಿಎಲ್ ಲೈಸೆನ್ಸ್‌ನ ಲಿನಕ್ಸ್ ಕೋಡ್ ಎತ್ತಿ ಹಾಕೋ ಹಾಗಿಲ್ಲ, ಅದಕ್ಕೆ ಫ್ರೀಬಿಎಸ್‌ಡಿದು ತಗೊಂಡೆ.

ಮೊದ್ಲು ಅಂದ್ಕೊಂಡಿದ್ದು ಡ್ರೈವರ್‌ನ ಒಂದು ಸಾಲೂ ಮುಟ್ಟೋದು ಬೇಡ, ಅದು ಕರೆಯೋ ಫ್ರೀಬಿಎಸ್‌ಡಿ ಫಂಕ್ಷನ್‌ಗಳನ್ನೇ ನಮ್ಮ ಕಡೆ ಬರೆದುಬಿಡೋಣ ಅಂತ. ಹೈಕು ಓಎಸ್‌ನವ್ರು ಹೀಗೇ ಮಾಡಿದ್ದಾರೆ, ಒಂದು ಕಂಪ್ಯಾಟಿಬಿಲಿಟಿ ಲೇಯರ್ ಮೇಲೆ ಎಷ್ಟೋ ಕಾರ್ಡ್ ಓಡಿಸ್ತಾರೆ. ಆದ್ರೆ ಎಂಬಫ್ (ಪ್ಯಾಕೆಟ್ ಇಡೋ ಬಫರ್), ಬಸ್ ಡಿಎಂಎ, ಎಂಐಐಬಸ್, ಟಾಸ್ಕ್ ಕ್ಯೂ ಅಂತ ಫ್ರೀಬಿಎಸ್‌ಡಿಯ ಒಳಭಾಗಗಳು ಒಂದರ ಬಾಲ ಹಿಡ್ಕೊಂಡು ಇನ್ನೊಂದು ಬರ್ತಾನೇ ಇತ್ತು, ಎರಡು ವಾರ ಆದ್ರೂ ಕಂಪೈಲ್ ಕೂಡ ಆಗ್ಲಿಲ್ಲ. ಹತ್ತಾರು ಕಾರ್ಡ್ ಬೇಕು ಅನ್ನೋರಿಗೆ ಆ ದಾರಿ ಸರಿ, ಒಂದೇ ಕಾರ್ಡ್‌ಗೆ ಅಷ್ಟೆಲ್ಲಾ ಬೇಡ ಅಂತ ಬಿಟ್ಟೆ.

ಆಮೇಲೆ ಕೋಡ್‌ನ ಪ್ರಿಂಟ್ ತೆಗೆದು ಎರಡು ಬಣ್ಣದ ಪೆನ್ ಇಟ್ಕೊಂಡು ಕೂತೆ. ಚಿಪ್ ಜೊತೆ ಮಾತಾಡೋ ಸಾಲು ಒಂದು ಬಣ್ಣ, ಓಎಸ್ ಜೊತೆ ಮಾತಾಡೋ ಸಾಲು ಇನ್ನೊಂದು. ಚಿಪ್‌ನ ಭಾಗ ಹೆಚ್ಚು ಕಮ್ಮಿ ಹಾಗೇ ಬಂತು. ಕಮಾಂಡ್ ರಿಜಿಸ್ಟರ್‌ಗೆ (ಚಿಪ್ ಒಳಗೆ ಆಜ್ಞೆ ಬರೆಯೋ ಜಾಗಕ್ಕೆ) ರಿಸೆಟ್ ಬಿಟ್ ಬರೆದು ಅದು ತಾನಾಗೇ ಸೊನ್ನೆ ಆಗೋ ತನಕ ಕಾಯೋದು, ರಿಜಿಸ್ಟರ್‌ಗಳ ಮೊದಲ ಆರು ಬೈಟ್‌ನಲ್ಲಿ ಮ್ಯಾಕ್ ಅಡ್ರೆಸ್ (ಕಾರ್ಡ್‌ನ ಗುರುತಿನ ಸಂಖ್ಯೆ) ಓದೋದು, ಇದೆಲ್ಲಾ ಯಾವ ಓಎಸ್ ಆದ್ರೂ ಅದೇ. ಸ್ಕ್ರೀನ್ ಮೇಲೆ ಸರಿಯಾದ ಮ್ಯಾಕ್ ಅಡ್ರೆಸ್ ಬಂದಾಗ ಆದ ಖುಷಿ ಹೇಳೋಕಾಗಲ್ಲ. ತೊಂದ್ರೆ ಕೊಟ್ಟಿದ್ದೆಲ್ಲಾ ಎರಡೂ ಬಣ್ಣಕ್ಕೆ ಸರಿಯಾಗಿ ಸೇರದ ವಿಷಯಗಳು, ಅಂದ್ರೆ ನಾನು ಬೇಡ ಅಂತ ತಪ್ಪಾಗಿ ಬಿಟ್ಟ ಸಾಲುಗಳು, ಇಲ್ಲಾಂದ್ರೆ ಕೋಡ್‌ನಲ್ಲಿ ಎಲ್ಲೂ ಬರೆದಿರದ, ಆ ಓಎಸ್ ಮೇಲಿನ ನಂಬಿಕೆ ಮೇಲೆ ನಿಂತಿರೋ ಸಂಗತಿಗಳು.

ಮೊದಲ್ನೇದು ಬಸ್ ಮಾಸ್ಟರ್, ಅಂದ್ರೆ ಕಾರ್ಡ್ ತಾನೇ ಮೆಮೊರಿ ಓದಿ ಬರೆಯೋಕೆ ಕೊಡೋ ಅನುಮತಿ. ಪ್ಯಾಕೆಟ್ ಕಳಿಸಿದ್ರೆ ಚಿಪ್ ಅದನ್ನ ಮೆಮೊರಿಯಿಂದ ಎಳ್ಕೊಂಡ ಮೇಲೆ ತನ್ನ ಟ್ರಾನ್ಸ್‌ಮಿಟ್ ಸ್ಟೇಟಸ್ ರಿಜಿಸ್ಟರ್‌ನಲ್ಲಿ ಒಂದು ಬಿಟ್ ಹಾಕ್ಬೇಕು, ಅದು ಬರ್ತಾನೇ ಇರ್ಲಿಲ್ಲ. ಫ್ರೀಬಿಎಸ್‌ಡಿ ಕೋಡ್‌ನಲ್ಲಿ ಬಸ್ ಮಾಸ್ಟರ್ ಆನ್ ಮಾಡೋ ಒಂದೇ ಒಂದು ಸಾಲಿತ್ತು, ಕಾರ್ಡ್‌ಗಳನ್ನ ಹುಡುಕಿ ಸಿದ್ಧ ಮಾಡೋ ನಮ್ಮ ಪಿಸಿಐ ಕೋಡ್ ಅದನ್ನ ಮಾಡುತ್ತೆ ಅಂದ್ಕೊಂಡು ನಾನು ಅದನ್ನ ತೆಗೆದಿದ್ದೆ. ಅದು ಆಫ್ ಇದ್ರೆ ಕಾರ್ಡ್ ಮೆಮೊರಿನ ಮುಟ್ಟೋಕೇ ಆಗಲ್ಲ.

ಮುಂದೆ ಎಆರ್‌ಪಿ, ಅಂದ್ರೆ ಈ ಐಪಿ ಅಡ್ರೆಸ್ ಯಾವ ಮ್ಯಾಕ್ ಅಡ್ರೆಸ್‌ದು ಅಂತ ಕೇಳೋ ಪ್ಯಾಕೆಟ್. ಚಿಪ್ ಕಳಿಸಿದೆ ಅನ್ನುತ್ತೆ, ಆ ಕಡೆ ಮಷೀನ್‌ನಲ್ಲಿ ಬರೋ ಪ್ಯಾಕೆಟ್ ತೋರಿಸೋ ಟಿಸಿಪಿಡಂಪ್ ಹಾಕಿದ್ರೆ ಏನೂ ಇಲ್ಲ. ಎಆರ್‌ಪಿ ಪ್ಯಾಕೆಟ್ 42 ಬೈಟ್, ಈಥರ್‌ನೆಟ್‌ಗೆ ಸಿಆರ್‌ಸಿ (ತಪ್ಪು ಹಿಡಿಯೋಕೆ ಕೊನೆಗೆ ಸೇರಿಸೋ ಬೈಟ್‌ಗಳು) ಬಿಟ್ಟು ಕನಿಷ್ಠ 60 ಬೇಕು, ಈ ಚಿಪ್ ತಾನಾಗೇ ತುಂಬಿಸಲ್ಲ, ಡ್ರೈವರೇ ತುಂಬಿಸ್ಬೇಕು. ನಾನು ಆ ನಾಲ್ಕು ಸಾಲನ್ನ ಎಂಬಫ್ ಕೆಲಸ ಅಂತ ತಿಳ್ಕೊಂಡು ಬಿಟ್ಟಿದ್ದೆ, ನಡುವಿನ ಸ್ವಿಚ್ ಚಿಕ್ಕ ಫ್ರೇಮ್‌ಗಳನ್ನೆಲ್ಲಾ ಬಿಸಾಕ್ತಿತ್ತು. ಒಂದು ಮಾತು, ತುಂಬಿಸುವಾಗ ಸೊನ್ನೆಯಿಂದಲೇ ತುಂಬಿಸಿ. ಹಳೇ ಮೆಮೊರಿಯ ಚೂರು ಹಾಗೇ ಹೊರಗೆ ಹೋಗೋ ಈಥರ್‌ಲೀಕ್ ಅನ್ನೋ ದೋಷ 2003ರಲ್ಲಿ ಎಷ್ಟೋ ಡ್ರೈವರ್‌ಗಳಲ್ಲಿ ಇರೋದು ಬಯಲಾಗಿತ್ತು.

ಆ ಕಡೆ ಮಷೀನ್ ಉತ್ತರ ಕೊಡುತ್ತಾ ಅಂತ ನೋಡೋ ಪಿಂಗ್ ಶುರುವಾಯ್ತು ಅಂತ ನೋಡ್ತಿದ್ರೆ 70 ಪಿಂಗ್ ದಾಟಿದ ಮೇಲೆ ನಿಂತೇ ಹೋಗೋದು, ಪ್ರತಿ ಸಲ ಸುಮಾರು ಅಲ್ಲೇ. ಕೊನೆಗೆ ಲೆಕ್ಕ ಹಾಕಿದೆ: ಪಿಂಗ್ ಫ್ರೇಮ್ 98 ಬೈಟ್, ಸಿಆರ್‌ಸಿ 4, ಚಿಪ್ ಮುಂದೆ ಸೇರಿಸೋ ಹೆಡರ್ 4, ನಾಲ್ಕರ ಮಗ್ಗಿಗೆ ಏರಿಸಿದ್ರೆ 108. ನನ್ನ ರಿಸೀವ್ ಬಫರ್ 8192. ಭಾಗಿಸಿದ್ರೆ 75 ಚಿಲ್ರೆ! ಅಂದ್ರೆ ಬಫರ್ ತುದಿ ಮುಟ್ಟಿದಾಗ ಪ್ಯಾಕೆಟ್‌ನ ಉಳಿದ ಭಾಗವನ್ನ ಚಿಪ್ ಮತ್ತೆ ಮೊದಲಿಂದ ಬರೀತಿದೆ, ನಾನು ಮಾತ್ರ ಒಂದೇ ಕಾಪಿಯಲ್ಲಿ ತುದಿ ದಾಟಿ ಓದ್ತಿದ್ದೀನಿ. ಎರಡು ತುಂಡಾಗಿ ಕಾಪಿ ಮಾಡಿದ ಮೇಲೆ ಸರಿಹೋಯ್ತು. ಇದೇ ಚಿಪ್‌ನಲ್ಲಿ ಓದಿದ ಜಾಗ ತಿಳಿಸೋ ರಿಜಿಸ್ಟರ್‌ಗೆ ನಿಜವಾದ ಆಫ್‌ಸೆಟ್‌ಗಿಂತ 16 ಕಮ್ಮಿ ಬರೀಬೇಕು, ಹಳೇ ಕೋಡ್‌ನಲ್ಲಿರೋ ಇಂಥ ವಿಚಿತ್ರ ಕಳೆಯೋದು ಕೂಡೋದನ್ನ ದಯವಿಟ್ಟು ಕ್ಲೀನ್ ಮಾಡೋಕೆ ಹೋಗ್ಬೇಡಿ.

ಎಲ್ಲಕ್ಕಿಂತ ಜಾಸ್ತಿ ದಿನ ತಿಂದಿದ್ದು ಇಂಟರಪ್ಟ್, ಅಂದ್ರೆ ಕಾರ್ಡ್ ಪ್ರೊಸೆಸರ್‌ನ ಅರ್ಧಕ್ಕೆ ತಡೆದು ಕರೆಯೋದು. ಲೋಡ್ ಜಾಸ್ತಿ ಆದ್ರೆ ಮಷೀನ್ ಪೂರ್ತಿ ಹ್ಯಾಂಗ್. ಫ್ರೀಬಿಎಸ್‌ಡಿಯಲ್ಲಿ ಮಾಮೂಲಿ ಇಂಟರಪ್ಟ್ ಹ್ಯಾಂಡ್ಲರ್ ಒಂದು ಥ್ರೆಡ್‌ನಲ್ಲಿ ಓಡುತ್ತೆ, ಅಲ್ಲಿ ಸಾಮಾನ್ಯ ಮ್ಯೂಟೆಕ್ಸ್ (ಒಬ್ಬರಿಗೇ ಸಿಗೋ ಲಾಕ್) ಹಿಡಿಬಹುದು, ನಮ್ಮಲ್ಲಿ ನೇರ ಇಂಟರಪ್ಟ್ ಒಳಗೇ ಓಡುತ್ತೆ. ಅದೇ ಕೋಡ್ ಇಲ್ಲಿ ಬಂದು ಮೆಮೊರಿ ಅಲೊಕೇಟರ್‌ನ ಲಾಕ್‌ಗೆ ಕಾಯ್ತಾ ನಿಲ್ಲೋದು, ಆ ಲಾಕ್ ಹಿಡಿದಿದ್ದ ಥ್ರೆಡ್ಡೇ ಅರ್ಧದಲ್ಲಿ ನಿಂತಿರ್ತಿತ್ತು. ಈಗ ಹ್ಯಾಂಡ್ಲರ್ ಸ್ಟೇಟಸ್ ಓದಿ, ಅದನ್ನೇ ವಾಪಸ್ ಬರೆದು ಕ್ಲಿಯರ್ ಮಾಡಿ, ಸದ್ಯಕ್ಕೆ ಹೊಸ ಇಂಟರಪ್ಟ್ ಬರದ ಹಾಗೆ ಮಾಸ್ಕ್ ಹಾಕಿ, ಒಂದು ವರ್ಕರ್ ಥ್ರೆಡ್ ಎಬ್ಬಿಸುತ್ತೆ, ಅಷ್ಟೇ. ಪ್ಯಾಕೆಟ್ ಕೆಲಸ ಎಲ್ಲಾ ವರ್ಕರ್‌ದು.

ಬಫರ್ ಯಾರದ್ದು ಅನ್ನೋದೂ ಹೀಗೇ. ಫ್ರೀಬಿಎಸ್‌ಡಿಯ ಟ್ರಾನ್ಸ್‌ಮಿಟ್ ಫಂಕ್ಷನ್‌ಗೆ ಎಂಬಫ್ ಕೊಟ್ರೆ ಎರರ್ ಬಂದ್ರೂ ಅದನ್ನ ಫ್ರೀ ಮಾಡೋ (ಮೆಮೊರಿ ವಾಪಸ್ ಕೊಡೋ) ಹೊಣೆ ಡ್ರೈವರ್‌ದೇ, ನಮ್ಮ ಸ್ಟ್ಯಾಕ್ ಎರರ್ ಬಂದ್ರೆ ತಾನೇ ಫ್ರೀ ಮಾಡುತ್ತೆ. ಎರಡೂ ಕಡೆ ಫ್ರೀ ಆಗಿ ಎಲ್ಲೋ ಸಂಬಂಧವೇ ಇಲ್ಲದ ಜಾಗದಲ್ಲಿ ಕ್ರ್ಯಾಶ್ ಆಗ್ತಿತ್ತು.

ಈಗ ಇಡೀ ರಾತ್ರಿ ಫ್ಲಡ್ ಪಿಂಗ್ (ಬಿಡುವಿಲ್ಲದ ಪಿಂಗ್) ಹಾಕಿದ್ರೂ ನಿಲ್ಲಲ್ಲ. ಮುಂದಿನ ಕಾರ್ಡ್ ಇಂಟೆಲ್‌ನ ಇ1000, ಅದರಲ್ಲಿ ಇಂಟರಪ್ಟ್ ಕಾರಣದ ರಿಜಿಸ್ಟರ್‌ನ ಓದಿದ್ರೇನೇ ಕ್ಲಿಯರ್ ಆಗಿಬಿಡುತ್ತೆ. ನನ್ನ ಡೀಬಗ್ ಪ್ರಿಂಟ್ ಆ ರಿಜಿಸ್ಟರನ್ನ ಇನ್ನೊಂದು ಸಲ ಓದುತ್ತೆ, ಸೋ ಮೊದ್ಲು ಅದನ್ನ ತೆಗೀಬೇಕು.