ಕಿತ್ತಳೆ ಸೆಂಟಿಗೆ ಕರವಸ್ತ್ರವೇ ಸರಿ

ಮೊನ್ನೆ ಮದುವೆಗೆ ಹೊರಟ ನನ್ನ ಮೊಮ್ಮಗಳು ಕಿತ್ತಳೆ ವಾಸನೆಯ ಸೆಂಟನ್ನು ರೇಷ್ಮೆ ಸೀರೆಯ ಸೆರಗಿಗೆ ಬುಸ್ಸೆಂದು ಹೊಡೆದುಕೊಂಡಳು. ಆಮೇಲೆ ಮಣಿಕಟ್ಟುಗಳಿಗೂ ಹಾಕಿಕೊಂಡು ಗಂಧ ತೇಯುವವರ ಹಾಗೆ ತಿಕ್ಕಿದ್ದೇ ತಿಕ್ಕಿದ್ದು. ಛತ್ರ ತಲುಪುವಷ್ಟರಲ್ಲಿ ಪರಿಮಳ ಮಾಯವಾಗಿ ಸೆರಗಿನ ಮೇಲೆ ಕಲೆ ಮಾತ್ರ ಉಳಿದಿತ್ತು. “ಅಜ್ಜಿ, ಇದು ಡೂಪ್ಲಿಕೇಟ್ ಇರಬೇಕು” ಎಂದಳು. ಸೆಂಟು ಚೆನ್ನಾಗಿಯೇ ಇತ್ತು. ಅದರ ಸ್ವಭಾವ ಇವಳಿಗೆ ಗೊತ್ತಿರಲಿಲ್ಲ ಅಷ್ಟೆ.

ಕಿತ್ತಳೆ ಸಿಪ್ಪೆ ಮಡಚಿ ತಮ್ಮನ ಕಣ್ಣಿಗೆ ಚಿಮ್ಮಿಸಿ ಬೈಸಿಕೊಳ್ಳದವರು ಯಾರಿದ್ದಾರೆ? ಕೊಡಗಿನ ಕಿತ್ತಳೆ ಮನೆಗೆ ಬಂದ ರಾತ್ರಿ ನಾವು ಸೀಮೆಎಣ್ಣೆ ಬುಡ್ಡಿಯ ಮುಂದೆ ಸಿಪ್ಪೆ ಹಿಂಡಿ ಚಟಪಟ ಕಿಡಿ ಹಾರಿಸುತ್ತಿದ್ದೆವು. ಸಿಪ್ಪೆಯಿಂದ ಹಾರುವ ಆ ಎಣ್ಣೆಯೇ ಈ ಸೆಂಟಿನ ಜೀವ. ಎಲ್ಲಕ್ಕಿಂತ ಮೊದಲು ಮೂಗಿಗೆ ಕಚಗುಳಿಯಿಟ್ಟು, ನೀವು ತಿರುಗಿ ನೋಡುವಷ್ಟರಲ್ಲಿ ಎದ್ದು ಹೋಗಿರುತ್ತದೆ. ಗಂಧದ ಹಾಗೆ ಚಕ್ಕಳಮಕ್ಕಳ ಹಾಕಿ ಕೂರುವ ಜಾತಿಯಲ್ಲ. ತಿಕ್ಕಿದರೆ ಬಿಸಿಗೆ ಇನ್ನೂ ಬೇಗ ಹಾರುತ್ತದೆ.

1709ರಲ್ಲಿ ಜರ್ಮನಿಯ ಕಲೋನ್ ಊರಿನಲ್ಲಿ ಅಂಗಡಿಯಿಟ್ಟ ಇಟಲಿಯ ಫರೀನಾ ಮನೆಯವರು ಇಂಥ ಸುಗಂಧಕ್ಕೆ ಹೆಸರಾದರು. ಅದರಲ್ಲಿ ಬರ್ಗಮಾಟ್ ಮುಖ್ಯ. ದಕ್ಷಿಣ ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ ಹುಳಿಹಣ್ಣು ಅದು. ಹಾಗೇ ಸುಲಿದು ತಿನ್ನುವಂಥದ್ದಲ್ಲ, ಸಿಪ್ಪೆಗೇ ಬೆಲೆ. ಆ ಕಲೋನಿನ ನೀರೇ ನಮ್ಮ ಮನೆಗೆ ಯೂಡಿಕೋಲೋನ್ ಆಗಿ ಬಂದು, ಜ್ವರ ಬಂದವರ ಹಣೆಯ ಒದ್ದೆ ಪಟ್ಟಿಗೆ ಇಳಿಯುತ್ತಿತ್ತು. ನನಗೆ ಈಗಲೂ ಆ ವಾಸನೆ ಬಂದರೆ ಶಾಲೆಗೆ ರಜೆ ಸಿಕ್ಕಂತೆ ಅನ್ನಿಸುತ್ತದೆ.

ಈಗ ನಾನು ಮಾಡುವ ಕ್ರಮ ಕೇಳಿ. ಹಳೆಯ ಹತ್ತಿ ಕರವಸ್ತ್ರ ಬೇಕು, ಹತ್ತಾರು ಒಗೆತ ಕಂಡು ಮೆತ್ತಗಾದದ್ದು. ಗಂಜಿ ಹಾಕಬೇಡಿ. ಈಗಿನವರು ಬಟ್ಟೆಗೆ ಸುರಿಯುವ ಆ ಘಮಘಮ ದ್ರಾವಣವನ್ನಂತೂ ಮುಟ್ಟಲೇಬೇಡಿ. ನೆರಳಿನಲ್ಲಿ ಒಣಗಿಸಿ. ಸಾಣೆಕಲ್ಲಿನ ಮೇಲೆ ತೇದು ತೇದು ಬೆರಳಿಗೆ ಸಿಗದಷ್ಟು ಸಣ್ಣದಾದ ಗಂಧದ ಕೊರಡಿನ ಚೂರು ದೇವರ ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಕರವಸ್ತ್ರದ ಮಡಿಕೆಯೊಳಗಿಟ್ಟು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ವಾರ ಮರೆತುಬಿಡಿ. ನಡುವೆ ತೆಗೆದು ಮೂಸಿ ನೋಡುವ ಚಪಲ ಬೇಡ. ಹೊರಡುವ ದಿನ ಚೂರನ್ನು ತೆಗೆದಿಟ್ಟು, ಕರವಸ್ತ್ರದ ಒಂದು ಮೂಲೆಗೆ ಮಾತ್ರ ಸೆಂಟು ಹಾಕಿ. ಮೂಲೆ ಒದ್ದೆಯಾದರೆ ಸಾಕು, ತೊಟ್ಟಿಕ್ಕಬಾರದು. ಸ್ಪಿರಿಟ್ಟಿನ ಖಾರ ಹೋಗುವ ತನಕ ಗಾಳಿಯಲ್ಲಿ ಬೀಸಿ, ಒದ್ದೆ ಮೂಲೆ ಒಳಗೆ ಬರುವಂತೆ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಬೇಕೆಂದಾಗ ಒಂದು ಮಡಿಕೆ ಬಿಚ್ಚಿದರೆ ಕಿತ್ತಳೆ ಮತ್ತೆ ಇಣುಕುತ್ತದೆ, ಅದರ ಬೆನ್ನಿಗೆ ಗಂಧ. ಊಟದ ಪಂಕ್ತಿ ಮೂರನೆಯದಕ್ಕೆ ಹೋದರೂ ನನ್ನ ಕರವಸ್ತ್ರ ಸೋತದ್ದಿಲ್ಲ.

ಕುತ್ತಿಗೆಗೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ. ಬರ್ಗಮಾಟ್, ನಿಂಬೆ ಸಿಪ್ಪೆಯ ಎಣ್ಣೆ ಇರುವ ಚರ್ಮಕ್ಕೆ ಬಿಸಿಲು ತಾಗಿದರೆ ಕಪ್ಪು ಮಚ್ಚೆ ಏಳಬಹುದು, ತಿಂಗಳುಗಟ್ಟಲೆ ಹೋಗುವುದಿಲ್ಲ. ನಿಂಬೆ ಎಂದಾಗ ನೆನಪಾಯಿತು: ಪಾನಕಕ್ಕೆ ಹಿಂಡಿದ ಹೋಳುಗಳನ್ನು ಎಸೆಯುತ್ತೀರಲ್ಲ, ಅದಕ್ಕೇ ಒಂದು ಚಿಟಿಕೆ ಉಪ್ಪು ಮುಟ್ಟಿಸಿ ಹಿತ್ತಾಳೆ ದೀಪ ಉಜ್ಜಿ. ತೊಳೆದ ಕೂಡಲೇ ಒರೆಸಬೇಕು, ಹಾಗೇ ಬಿಟ್ಟು ಫೋನು ಹಿಡಿದು ಕೂತರೆ ಹಸಿರು ಕಟ್ಟುತ್ತದೆ.

ಸೆಂಟಿನ ಸೀಸೆಯನ್ನು ಕಿಟಕಿಯ ಅಂಚಿನಲ್ಲಿ, ಗೀಸರ್ ಪಕ್ಕದಲ್ಲಿ ಸಾಲಾಗಿ ಇಡುವುದು ಯಾರು ಕಲಿಸಿದ ಶೋಕಿಯೋ! ಬೆಳಕು, ಬಿಸಿ, ಗಾಳಿ ತಾಗಿದರೆ ಸಿಪ್ಪೆಯ ಎಣ್ಣೆ ಕೆಟ್ಟು ಟರ್ಪೆಂಟೈನ್ ನಾತ ಬರುತ್ತದೆ. ಸೀರೆಯ ಬೀರುವಿನ ತಳದಲ್ಲಿ, ಕತ್ತಲೆಯಲ್ಲಿ ಇಡಿ. ಆಗಲೇ ಕೆಟ್ಟುಹೋಗಿದ್ದರೆ ಮೈಗೆ ಬೇಡ, ಚೆಲ್ಲುವುದೂ ಬೇಡ. ಹೊಸ ಸ್ಟೀಲ್ ಡಬ್ಬಿಯ ಮೇಲೆ ಸ್ಟಿಕ್ಕರ್ ಕಿತ್ತ ಅಂಟು ಇರುತ್ತದಲ್ಲ, ಹತ್ತಿಯನ್ನು ಈ ಕೆಟ್ಟ ಸೆಂಟಿನಲ್ಲಿ ಅದ್ದಿ ಅದನ್ನು ಒರೆಸಿ. ಒಲೆಯಿಂದ ದೂರ ಕೂತು.